ವಾಟ್ಸಾಪ್ ಕಾಲ್ ಕಟ್ ಕಟ್ ಆಗ್ತದಾ? ಪ್ಲ್ಯಾನ್ ಬದಲಿಸೋ ಮುಂಚೆ ಇದನ್ನ ನೋಡಿ

ಸೇಡಂ: ‘ಹಲೋ... ಕೇಳಸ್ತದೇನು?’ ಹೈದರಾಬಾದ್, ಮುಂಬೈಗೆ ದುಡಿಯಲು ಹೋದವರ ಜತೆ ಮಾತಾಡುವಾಗ ಚಿಂಚೋಳಿ, ಚಿತ್ತಾಪುರ ಕಡೆ ಕೇಳಿಬರುವ ಮಾತಿದು. ಅದಕ್ಕಂತ ದೊಡ್ಡ ಪ್ಲ್ಯಾನ್ ಬೇಕಿಲ್ಲ. ವಾಯ್ಸ್ ಕಾಲ್‌ಗೆ ಸೆಕೆಂಡಿಗೆ 100 ಕಿಲೋಬಿಟ್ ಆಸುಪಾಸು ಸಿಕ್ಕರೆ ಸಾಕು.

ತೊಂದರೆ ಕೊಡುವುದು ಹೆಚ್ಚಾಗಿ ಅಪ್‌ಲೋಡ್. ವೈಫೈ ಸಿಕ್ಕ ಕೂಡಲೇ ಮನೆಯಲ್ಲಿ ಯಾರದೋ ಮೊಬೈಲ್ ಮದುವೆ ವಿಡಿಯೊಗಳನ್ನು ಗೂಗಲ್ ಫೋಟೋಸ್‌ಗೆ ಏರಿಸಲು ಶುರು ಮಾಡುತ್ತದೆ. ನಿಮ್ಮ ಮಾತು ರೂಟರ್‌ನಲ್ಲಿ ಅದರ ಹಿಂದೆ ಪಾಳಿ ಹಚ್ಚುತ್ತದೆ. ಅವರ ದನಿ ನಿಮಗೆ ನೆಟ್ಟಗೆ ಕೇಳಿ, ನಿಮ್ಮದು ಅವರಿಗೆ ಹರಿದು ಕೇಳಿದರೆ ಮೊದಲು ಇದನ್ನೇ ಅನುಮಾನಿಸಿ.

ಬ್ಯಾಕಪ್ ಬಂದ್ ಮಾಡಿ, ವಿಡಿಯೊ ಬಿಟ್ಟು ಮಾತಾಡಿ. ರೂಟರ್‌ನಲ್ಲಿ ‘ಕ್ಯೂಒಎಸ್’ ಸೆಟ್ಟಿಂಗ್ ಇದ್ದರೆ, ಅಪ್‌ಲೋಡ್ ಮಿತಿಯನ್ನು ಸಿಗುವ ವೇಗಕ್ಕಿಂತ ತುಸು ಕಡಿಮೆ ಇಡಲು ನೆಟ್ ಹಾಕಿಕೊಟ್ಟವರಿಗೆ ಹೇಳಿ. ಶಹಾಬಾದ್ ಕಲ್ಲಿನ ದಪ್ಪ ಗೋಡೆಯ ಮನೆಯಾದರೆ ರೂಟರ್ ಇರುವ ಕೋಣೆಯಲ್ಲೇ ಕೂತು ಮಾತಾಡುವುದು ಚಲೋ.