ಟಕ್ ಅಂದರೆ ಕೇಬಲ್ ಸರಿಯಿದೆ

ಬಂಕಿನಲ್ಲಿ ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿರುವಾಗಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಕೈಕೊಡುವುದು. ಸೀಟಿನ ಪಕ್ಕದ ಲಿವರ್ ಎಳೆದರೆ ಜಪ್ಪಯ್ಯ ಅಂದರೂ ಏಳದು. ಬಂಕಿನ ಹುಡುಗ ಮೊದಲು ಉಗುರು ತೂರಿಸುತ್ತಾನೆ, ಆಮೇಲೆ ಕೀಲಿ. ಮುಚ್ಚಳ ಬಾರದಿದ್ದರೂ ಪೇಂಟಂತೂ ಕಿತ್ತುಬರುತ್ತದೆ. ಅಂಗೈ ಅಗಲದ ಈ ತಗಡನ್ನು ಸರಿಮಾಡುವುದೂ ಒಂದು ಕಸುಬು ಎಂದರೆ ನಂಬುವವರು ಕಡಿಮೆ. ಬೆಂಗಳೂರಿನ ಜೆ.ಸಿ. ರಸ್ತೆಯ ಒಳಗಲ್ಲಿಯೊಂದರಲ್ಲಿ ಅದನ್ನೂ ನೆಚ್ಚಿಕೊಂಡೇ ತಲೆ ನರೆತವರೊಬ್ಬರಿದ್ದಾರೆ.

ಜಯಚಾಮರಾಜೇಂದ್ರ ರಸ್ತೆ ಎಂಬ ಪೂರ್ತಿ ಹೆಸರು ಈಗ ಬೋರ್ಡಿಗಷ್ಟೇ ಸೀಮಿತ. ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡಲು ಬರುವವರನ್ನು ಬಿಟ್ಟರೆ ಇಲ್ಲಿಗೆ ಬರುವವರು ಬಹುಪಾಲು ಸ್ಪೇರ್ ಪಾರ್ಟ್ಸ್ ಹುಡುಕುವವರೇ. ಮಿನರ್ವ ವೃತ್ತದ ತನಕ ಹಾರ್ನು, ಸೀಟ್ ಕವರು, ಬಂಪರುಗಳ ಅಂಗಡಿಸಾಲು. ನಾನು ಹುಡುಕಿಕೊಂಡು ಹೋದವರದು ಒಂದು ಶಟರಿನಷ್ಟೇ ಜಾಗ. ಎಂಜಿನ್ ಮುಟ್ಟುವುದಿಲ್ಲ. ಡೋರ್ ಲಾಕು, ಡಿಕ್ಕಿ, ಬಾನೆಟ್ ಕೇಬಲ್ಲು, ಟ್ಯಾಂಕ್ ಮುಚ್ಚಳ, ಹೀಗೆ ಮುಚ್ಚಿ ತೆರೆಯುವುದೆಲ್ಲ ಅವರ ಇಲಾಖೆ. ಗಲ್ಲಿಗೆಲ್ಲ ಅವರು ಭಾಯ್, ಕೆಲಸ ಕಲಿಯುವ ಹುಡುಗನಿಗೆ ಉಸ್ತಾದ್.

ನನ್ನನ್ನು ಅಲ್ಲಿಗೆ ಎಳೆದದ್ದು ಅವರ ಕಿವಿ. ಕಾರು ಬಂದೊಡನೆ ಭಾಯ್ ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ. ಮುಚ್ಚಳದ ಪಕ್ಕ ಕುಕ್ಕರುಗಾಲಲ್ಲಿ ಕೂತು, ತಗಡಿಗೆ ಕಿವಿ ತಾಗಿಸಿ, ಲಿವರ್ ಎಳೆಯಲು ಹುಡುಗನಿಗೆ ಹೇಳುತ್ತಾರೆ. "ಟಕ್ ಅಂದ್ರೆ ಕೇಬಲ್ ಸರಿ ಇದೆ ಸಾರ್. ಪಿನ್ನು ಹಿಂದಕ್ಕೆ ಹೋಯ್ತು, ಮುಚ್ಚಳ ಮೇಲೆ ತಳ್ಳೋ ಸ್ಪ್ರಿಂಗು ಸತ್ತಿದೆ. ಸರ್ರ್ ಅಂದ್ರೆ ಒಳಗೆ ತುಕ್ಕು. ಏನೂ ಕೇಳಿಸ್ದೆ, ಲಿವರೂ ಹಗುರಾಗಿ ಬಂತಾ? ವಯರ್ ಕಟ್ ಆಗಿದೆ, ಇಲ್ಲಾ ಕೊಂಡಿ ಬಿಟ್ಟಿದೆ." ಅಂದು ಬಂದಿದ್ದ ಹಳೆಯ ಆಲ್ಟೊ ಟಕ್ ಅಂದಿತು. ಹಾಗಾದರೆ ಕೇಬಲ್ ತಂಟೆಗೇ ಹೋಗಬೇಕಿಲ್ಲ. ಹುಡುಗ ಲಿವರ್ ಎಳೆದು ಹಿಡಿದ, ಭಾಯ್ ಮುಚ್ಚಳದ ಅಂಚನ್ನು ಅಂಗೈಯಲ್ಲಿ ಒಮ್ಮೆ ಒತ್ತಿ, ಸಂದಿಗೆ ಹಳೆಯ ಫೋನ್ ರೀಚಾರ್ಜ್ ಕಾರ್ಡೊಂದನ್ನು ತೂರಿಸಿ ಎಬ್ಬಿಸಿದರು. ಪೇಂಟಿಗೆ ಒಂದು ಗೀರೂ ಬೀಳಲಿಲ್ಲ.

ಒಳಗಿದ್ದದ್ದು ಬೆರಳಗಲದ ಒಂದು ಉಕ್ಕಿನ ಪಟ್ಟಿ. ಮುಚ್ಚಳವನ್ನು ಹೊರಗೆ ತಳ್ಳುವುದು ಅದರ ಕೆಲಸ, ವರ್ಷಗಟ್ಟಲೆ ಒತ್ತಿಸಿಕೊಂಡು ಚಪ್ಪಟೆಯಾಗಿತ್ತು. ಭಾಯ್ ಇಕ್ಕಳದಲ್ಲಿ ಹಿಡಿದು ಕೂದಲೆಳೆಯಷ್ಟು ಬಾಗಿಸಿದರು, ಮುಚ್ಚಿದರು, ತೆಗೆದರು, ಮತ್ತೆ ಬಾಗಿಸಿದರು. ಹೆಚ್ಚಾದರೆ ಮುಚ್ಚಳ ಬಾಡಿಯ ಮಟ್ಟಕ್ಕೆ ಕೂರದೆ ಉಬ್ಬಿ ನಿಲ್ಲುತ್ತದೆ, ಕಡಿಮೆಯಾದರೆ ಮುಂದಿನ ಬಂಕಿನಲ್ಲಿ ಮತ್ತದೇ ಕಥೆ. ಈ ಹದಕ್ಕೆ ಅಳತೆಪಟ್ಟಿ ಇಲ್ಲ.

ಅಲ್ಲಿಗೂ ಬಿಡಲಿಲ್ಲ. ಕ್ಯಾಪಿನ ಸುತ್ತಲ ಗುಳಿಯ ತಳದಲ್ಲಿ ಒಂದು ಸಣ್ಣ ತೂತು ತೋರಿಸಿದರು. ಮಳೆನೀರೂ ಚೆಲ್ಲಿದ ಪೆಟ್ರೋಲೂ ಹರಿದುಹೋಗಲು ಕಂಪನಿಯವರೇ ಬಿಟ್ಟ ದಾರಿ ಅದು. ಮಣ್ಣು ಕಟ್ಟಿದರೆ ನೀರು ನಿಂತು ಹಿಂಜಿಗೆ ತುಕ್ಕು ಹತ್ತುತ್ತದೆ, ಮುಚ್ಚಳ ಬಿಗಿಯುತ್ತದೆ. ಸೈಕಲ್ ಸ್ಪೋಕಿನಿಂದ ತೂತು ಬಿಡಿಸಿ, ಹಿಂಜಿಗೆ ಸಿಲಿಕೋನ್ ಸ್ಪ್ರೇ ಹೊಡೆದರು. ಗ್ರೀಸ್ ಬೇಡವೇ ಎಂದರೆ, "ಗ್ರೀಸ್ ಹಾಕಿದ್ರೆ ಬೆಂಗಳೂರಿನ ಧೂಳೆಲ್ಲ ಅಲ್ಲೇ ಸಂಸಾರ ಹೂಡುತ್ತೆ" ಎಂದರು. ಕಾರು ತೊಳೆಯುವ ನಾವ್ಯಾರೂ ಆ ತೂತಿನ ಕಡೆ ನೋಡುವುದಿಲ್ಲ.

ಕೇಬಲ್ ಕಟ್ಟಾಗಿದ್ದರೆ ದೊಡ್ಡ ಕೆಲಸ. ಬಾಗಿಲ ಬುಡದ ಪಟ್ಟಿ, ಮ್ಯಾಟು, ಹಿಂದಿನ ಸೀಟು ಎಲ್ಲ ಬಿಚ್ಚಬೇಕು. ಹೊರಗವಚ ಚೆನ್ನಾಗಿದ್ದರೆ ಪೈಜಾಮಕ್ಕೆ ಲಾಡಿ ಪೋಣಿಸಿದ ಹಾಗೆ ಒಳತಂತಿಯನ್ನಷ್ಟೇ ಪೋಣಿಸಿ ತುದಿಗೆ ಬೆಸುಗೆ ಹಾಕುತ್ತಾರೆ.

ಸೈಕಲ್ ಬ್ರೇಕಿನಲ್ಲಿರುವುದೂ ಇದೇ ಜಾತಿಯ ತಂತಿ. ಬೌಡೆನ್ ಎಂಬಾತ 1896ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದದ್ದು, ಈಗಲೂ ಅವನ ಹೆಸರಲ್ಲೇ ಇದೆ. ನಮ್ಮಲ್ಲಿ 1983ರ ಕೊನೆಗೆ ಮಾರುತಿ 800 ಬಂತು, ಊರ ತುಂಬ ಸಣ್ಣ ಕಾರುಗಳಾದವು. ಅದಕ್ಕೂ ಮುಂಚಿನ ಗಾಡಿಗಳಲ್ಲಿ ಕೀಲಿ ಹಾಕುವ ಕ್ಯಾಪೇ ಹೆಚ್ಚು, ಕೀಲಿ ಕಳೆದವರು ಮಾತ್ರ ಬರುತ್ತಿದ್ದರು ಎಂಬುದು ಭಾಯ್ ಹೇಳುವ ಇತಿಹಾಸ. 2009ರಲ್ಲಿ ಮಾರುಕಟ್ಟೆಗೆ ಬಂದ ನ್ಯಾನೊ ನೆನೆದರೆ ಅವರಿಗೆ ಈಗಲೂ ನಗು. ಅದಕ್ಕೆ ಪೆಟ್ರೋಲ್ ಹಾಕಲು ಮುಂದಿನ ಬಾನೆಟ್ಟನ್ನೇ ಎತ್ತಬೇಕಿತ್ತು. "ನಮ್ಮ ಹೊಟ್ಟೆ ಮೇಲೆ ಹೊಡೆದ ಗಾಡಿ ಸಾರ್ ಅದು!"

ನಿಜವಾಗಿ ಹೊಟ್ಟೆಯ ಮೇಲೆ ಹೊಡೆಯುತ್ತಿರುವುದು ಬೇರೆ. ಈಗಿನ ಅನೇಕ ಕಾರುಗಳಲ್ಲಿ ಲಿವರೂ ಇಲ್ಲ, ತಂತಿಯೂ ಇಲ್ಲ. ಬಾಗಿಲು ಲಾಕಾದಾಗ ಪುಟ್ಟ ಮೋಟರೊಂದು ಪಿನ್ನನ್ನು ಮುಂದೆ ತಳ್ಳುತ್ತದೆ, ಅನ್‌ಲಾಕಾದಾಗ ಹಿಂದಕ್ಕೆಳೆಯುತ್ತದೆ. ಕೆಟ್ಟರೆ ಸರ್ವಿಸ್ ಸೆಂಟರಿನವರು ಸೆಟ್ಟನ್ನೇ ಬದಲಿಸುತ್ತಾರೆ. ಎಷ್ಟೋ ಕಾರುಗಳಲ್ಲಿ ಡಿಕ್ಕಿಯ ಒಳಗೋಡೆಯ ಹಿಂದೆ ಕೈಯಿಂದ ಎಳೆಯಲು ಒಂದು ದಾರವಿರುತ್ತದೆ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಅದನ್ನು ಹುಡುಕಿ ಓದಿಕೊಂಡವರಿಗೆ ಬಂಕಿನಲ್ಲಾದರೂ ಮಾನ ಉಳಿಯುತ್ತದೆ. ಹತ್ತು ನಿಮಿಷದಲ್ಲಿ ಬಾಗಿಸಿ ಸರಿಮಾಡಬಹುದಾದ ಪಟ್ಟಿಗೆ ಇಡೀ ಸೆಟ್ಟಿನ ಬಿಲ್ ಕಟ್ಟುವುದು ನನಗಂತೂ ದಂಡದ ಬಾಬತ್ತು. ಆದರೆ ಹದ ಗೊತ್ತಿರುವ ಕೈಗಳೇ ಕಡಿಮೆಯಾಗುತ್ತಿವೆ. ಭಾಯ್ ಹತ್ತಿರ ಮೊದಲು ಕಲಿತ ಹುಡುಗ ಈಗ ಕ್ಯಾಬ್ ಓಡಿಸುತ್ತಾನೆ. ಈಗಿನವನಿಗೂ ಒಂದು ಕಣ್ಣು ಫೋನಿನ ಮೇಲೆ.

ಕಳೆದ ಮಳೆಗಾಲದಲ್ಲಿ ಒಂದು ಎಲೆಕ್ಟ್ರಿಕ್ ಕಾರು ಬಂದಿತ್ತಂತೆ. ಚಾರ್ಜಿಂಗ್ ಜಾಗದ ಮುಚ್ಚಳ ಅಂಟಿಕೊಂಡಿತ್ತು. ಭಾಯ್ ಕಿವಿಯಿಟ್ಟು ಕೇಳಿದರು. ಒಳಗೆ ಪಿನ್ನು ಸರಿಯುತ್ತಿತ್ತು, ಹಿಂಜಿನಲ್ಲಿ ಕೆಸರು ಗಟ್ಟಿಯಾಗಿರಬೇಕು ಅನ್ನಿಸಿತು. ಬ್ರಷ್ಷು ತರಲು ಒಳಹೋಗಿ ಬರುವಷ್ಟರಲ್ಲಿ, ಹೊರಗಿನವರು ಮುಟ್ಟಿದರೆ ವಾರಂಟಿ ಹೋಗುತ್ತದೆಂದು ಯಾರೋ ಫೋನಿನಲ್ಲಿ ಹೇಳಿ, ಮಾಲೀಕರು ಗಾಡಿ ತಿರುಗಿಸಿಯಾಗಿತ್ತು.

"ಅವರದೇನೂ ತಪ್ಪಿಲ್ಲ ಸಾರ್," ಎಂದರು ಭಾಯ್. "ಆದ್ರೆ ಒಳಗೆ ಯಾವ ಥರ ಸ್ಪ್ರಿಂಗ್ ಕೂರಿಸಿದ್ದಾರೆ ಅಂತ ಒಂದ್ಸಲ ನೋಡೋಕಾದ್ರೂ ಬಿಡಬೇಕಿತ್ತು."