ಲಿನಕ್ಸ್ ಗಣಕದಲ್ಲಿ ಸಿ.ಡಿ. ಡ್ರೈವ್ ಕಾಣದಿದ್ದಾಗ: ಹಳೆಯ ಲೆಕ್ಕಪತ್ರಗಳನ್ನು ಹೊರತೆಗೆಯುವ ಬಗೆ

ಒಂದು ಕಾಲದಲ್ಲಿ ಅನೇಕ ವ್ಯಾಪಾರ ಸಂಸ್ಥೆಗಳು ಮಾರ್ಚ್ ತಿಂಗಳು ಮುಗಿದೊಡನೆ ಆ ವರ್ಷದ ಲೆಕ್ಕಪತ್ರಗಳನ್ನು ಸಿ.ಡಿ.ಗೆ ಬರೆಸಿ ಬೀರುವಿನಲ್ಲಿ ಇರಿಸುತ್ತಿದ್ದವು. 2013ರ ಕಂಪನಿ ಕಾಯಿದೆಯ 128ನೆಯ ಕಲಮಿನ ಪ್ರಕಾರ ಕಂಪನಿಗಳು ಎಂಟು ಹಣಕಾಸು ವರ್ಷಗಳ ಲೆಕ್ಕಪುಸ್ತಕಗಳನ್ನು ಕಾಯ್ದಿರಿಸತಕ್ಕದ್ದು. ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೆಯ ಕಲಮು ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳ ಅವಧಿಯನ್ನು ವಿಧಿಸಿದ್ದು, ಮೇಲ್ಮನವಿ ಬಾಕಿಯಿದ್ದರೆ ಈ ಅವಧಿ ಇನ್ನೂ ಬೆಳೆಯಬಹುದು. ಆದ್ದರಿಂದ ಹಳೆಯ ಸಿ.ಡಿ.ಯ ಅಗತ್ಯ ಯಾವಾಗ ಬೀಳುವುದೆಂದು ಹೇಳಲಾಗದು.

ಅಗತ್ಯ ಬಿದ್ದ ದಿನ ಲಿನಕ್ಸ್ ಗಣಕವು "ಅಂತಹ ಸಾಧನ ಕಡತವಿಲ್ಲ" ಎಂದರೆ, ಸಿ.ಡಿ. ಕೆಟ್ಟಿದೆಯೆಂದು ಅದನ್ನು ಎಸೆದುಬಿಡುವವರಿದ್ದಾರೆ. ಇದು ತಪ್ಪು. ಈ ಸಂದೇಶಕ್ಕೂ ಸಿ.ಡಿ.ಯ ಸ್ಥಿತಿಗೂ ಸಂಬಂಧವಿಲ್ಲ. ಡ್ರೈವ್ ಖಾಲಿಯಿದ್ದರೂ ಸಾಧನ ಕಡತ ಇರಲೇಬೇಕು. ಲಿನಕ್ಸ್‌ನ ತಿರುಳಾದ ಕರ್ನಲ್ ಒಂದು ಯಂತ್ರಭಾಗವನ್ನು ಗುರುತಿಸಿದಾಗ ಅದರ ಹೆಸರಿನಲ್ಲಿ '/ಡೆವ್' ಕೋಶದಲ್ಲಿ ಒಂದು ಕಡತ ತೆರೆಯುತ್ತದೆ. ಖತಾವಣಿಯಲ್ಲಿ ಹೊಸ ಗಿರಾಕಿಗೆ ಪುಟ ತೆರೆದಂತೆಯೇ ಇದು. ಮೊದಲ ಆಪ್ಟಿಕಲ್ ಡ್ರೈವ್‌ನ ಕಡತದ ಹೆಸರು '/ಡೆವ್/ಎಸ್‌ಆರ್0'. '/ಡೆವ್/ಸಿಡಿರೋಮ್' ಎಂಬುದು ಅದರತ್ತ ಬೆರಳು ತೋರುವ ಅಡ್ಡಹೆಸರು ಮಾತ್ರ.

ಮೊದಲು 'ಎಲ್‌ಎಸ್‌ಬಿಎಲ್‌ಕೆ' ಆಜ್ಞೆ ಕೊಟ್ಟು ಪಟ್ಟಿಯಲ್ಲಿ ಎಸ್‌ಆರ್0 ಇದೆಯೇ ಎಂದು ನೋಡಬೇಕು. ಇದ್ದರೆ ತೊಂದರೆ ಹೆಸರಿನದು. ಹಿಂದೆ ಐಡಿಇ ಡ್ರೈವ್‌ಗಳಿಗೆ '/ಡೆವ್/ಎಚ್‌ಡಿಸಿ' ಮುಂತಾದ ಹೆಸರುಗಳಿದ್ದವು. ಆ ಹಳೆಯ ಚಾಲಕ ತಂತ್ರಾಂಶವನ್ನು 2021ರ 5.14ನೆಯ ಕರ್ನಲ್‌ನಲ್ಲಿ ಪೂರ್ತಿಯಾಗಿ ತೆಗೆದುಹಾಕಲಾಗಿದೆ. ಹಳೆಯ ಗಣಕದಿಂದ ನಕಲು ಮಾಡಿಕೊಂಡ '/ಇಟಿಸಿ/ಎಫ್‌ಎಸ್‌ಟ್ಯಾಬ್' ಕಡತದಲ್ಲಿ ಆ ಹೆಸರು ಉಳಿದಿದ್ದರೆ ತಿದ್ದಿದರೆ ಸಾಕು. ಹೆಸರು ಸರಿಯಿದ್ದು "ಅನುಮತಿಯಿಲ್ಲ" ಎಂದು ಬಂದರೆ, ಬಳಕೆದಾರನನ್ನು 'ಸಿಡಿರೋಮ್' ಗುಂಪಿಗೆ ಸೇರಿಸಬೇಕು. ಡೆಬಿಯನ್, ಉಬುಂಟುಗಳಲ್ಲಿ ಈ ಪದ್ಧತಿಯಿದೆ.

ಎಸ್‌ಆರ್0 ಇಲ್ಲವೇ ಇಲ್ಲವೆಂದರೆ 'ಡಿಮೆಸ್ಗ್' ಆಜ್ಞೆಯಿಂದ ಕರ್ನಲ್‌ನ ದಿನಚರಿಯನ್ನು ಓದಬೇಕು. ನಿಜವಾದ ಉತ್ತರ ಸಿಗುವುದು ಬಹುತೇಕ ಇಲ್ಲಿಯೇ. ಡ್ರೈವ್ ತಯಾರಕರ ಹೆಸರೂ ಮಾದರಿ ಸಂಖ್ಯೆಯೂ ಅದರಲ್ಲಿ ಕಂಡುಬಂದರೆ ಡ್ರೈವ್ ಜೀವಂತವಾಗಿದೆ; 'ಎಸ್‌ಆರ್_ಮಾಡ್' ಎಂಬ ಚಾಲಕ ಘಟಕ ಮಾತ್ರ ಸೇರಿಲ್ಲ. 'ಮಾಡ್‌ಪ್ರೋಬ್ ಎಸ್‌ಆರ್_ಮಾಡ್' ಎಂದು ಆಡಳಿತಾಧಿಕಾರದಿಂದ ಆಜ್ಞಾಪಿಸಿದರೆ ಕಡತ ತಾನಾಗಿ ಮೂಡುತ್ತದೆ. ಕರ್ನಲ್ ನವೀಕರಿಸಿದ ಮೇಲೆ ಗಣಕವನ್ನು ಮರುಚಾಲನೆ ಮಾಡಿರದಿದ್ದರೆ ಕೆಲವು ಲಿನಕ್ಸ್ ಆವೃತ್ತಿಗಳಲ್ಲಿ ಈ ಆಜ್ಞೆಯೂ ವಿಫಲವಾಗುವುದುಂಟು. ಆಗ ಮರುಚಾಲನೆಯೇ ಮದ್ದು.

ದಿನಚರಿಯಲ್ಲಿ ಡ್ರೈವ್‌ನ ಸುಳಿವೇ ಇಲ್ಲವಾದರೆ ತಂತ್ರಾಂಶದೊಡನೆ ಹೆಣಗಾಡುವುದು ವ್ಯರ್ಥ. ವಿದ್ಯುತ್ ಕೇಬಲ್, ಸಾಟಾ ಕೇಬಲ್, ಬಯೋಸ್‌ನಲ್ಲಿ ಆ ಪೋರ್ಟ್ ಚಾಲೂ ಇದೆಯೇ ಎಂಬುದನ್ನು ನೋಡಬೇಕು. ಹೊರಗಿನ ಯುಎಸ್‌ಬಿ ಡ್ರೈವ್ ಆದರೆ ಹಬ್ ಬಿಟ್ಟು ನೇರವಾಗಿ ಗಣಕಕ್ಕೆ ಜೋಡಿಸಬೇಕು. ವಿದ್ಯುತ್ ಸಾಲದೆ ಗುರುತು ಸಿಗದಿರುವುದು ಅಪರೂಪವಲ್ಲ. ಕೆಲವರು 'ಎಂಕೆನೋಡ್' ಆಜ್ಞೆಯಿಂದ ಸಾಧನ ಕಡತವನ್ನು ಕೈಯಿಂದಲೇ ಸೃಷ್ಟಿಸುವ ಸಲಹೆ ಕೊಡುತ್ತಾರೆ. ಕರ್ನಲ್ ಗುರುತಿಸದ ಡ್ರೈವ್‌ಗೆ ಇದು ವೋಚರ್ ಇಲ್ಲದೆ ಖತಾವಣಿಯಲ್ಲಿ ಮೊಬಲಗು ಬರೆದಂತೆ: ಪುಟದಲ್ಲಿ ಅಂಕಿ ಇರುತ್ತದೆ, ಪೆಟ್ಟಿಗೆಯಲ್ಲಿ ಹಣವಿರುವುದಿಲ್ಲ.

ಕಡತ ಕಂಡು, ಸಿ.ಡಿ. ಹಾಕಿದ ಮೇಲೆ ಓದುವಾಗ ದೋಷ ಬಂದರೆ ಮಾತ್ರ ಸಿ.ಡಿ.ಯನ್ನು ಶಂಕಿಸಬಹುದು. ಆಗಲೂ 'ಡಿಡಿರೆಸ್ಕ್ಯೂ' ತಂತ್ರಾಂಶವು ಓದಲು ಸಾಧ್ಯವಾದ ಭಾಗಗಳನ್ನೆಲ್ಲ ಮೊದಲು ಹೊರತೆಗೆದು, ಉಳಿದವನ್ನು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಹೀಗೆ ದೊರೆತ ಪ್ರತಿಯನ್ನು ಎರಡು ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ಇರಿಸಿ, ವಿಚಾರಣೆ ಮುಗಿಯುವವರೆಗೆ ಮೂಲ ಸಿ.ಡಿ.ಯನ್ನೂ ಜೋಪಾನ ಮಾಡುವುದು ಒಳಿತು.