ತೂಕ ಇಳಿಸುವುದು ಒಬ್ಬರೇ ಮಾಡುವ ಕೆಲಸವಲ್ಲ

ಹೊಟ್ಟೆಯ ಮೂರರಲ್ಲೊಂದು ಪಾಲು ಊಟಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ. ಪ್ರವಾದಿ(ಸ) ಕಲಿಸಿದ ಈ ಅಳತೆಯನ್ನು ಜುಮಾ ಖುತ್ಬಾದಲ್ಲಿ ಒಮ್ಮೆಯೂ ಕೇಳದವರು ನಮ್ಮಲ್ಲಿ ಇರಲಿಕ್ಕಿಲ್ಲ. ಕೇಳುವಾಗ ಎಲ್ಲರೂ ತಲೆದೂಗುತ್ತಾರೆ. ಅದೇ ಗಂಡಸರು ಮಸೀದಿಯಿಂದ ನೇರವಾಗಿ ಮನೆಗೆ ಬಂದು ದಸ್ತರ್ಖಾನ್ ಮುಂದೆ ಕೂರುತ್ತಾರೆ. ಶುಕ್ರವಾರವಾದ್ದರಿಂದ ಬಿರಿಯಾನಿ ಆಗಿರುತ್ತದೆ. ಬಡಿಸುವವರು ನಾವೇ. "ಇನ್ನೊಂದು ಚಮಚ ಹಾಕಿಸಿಕೊಳ್ಳಿ" ಎಂದು ಒತ್ತಾಯ ಮಾಡುವವರೂ ನಾವೇ. ಖುತ್ಬಾ ಹೇಳಿದ ಆ ಒಂದು ಪಾಲು ಯಾವಾಗ ಮೂರು ಪಾಲಾಯಿತು ಎನ್ನುವುದು ಯಾರ ಗಮನಕ್ಕೂ ಬರುವುದಿಲ್ಲ.

ನನ್ನ ಗಮನಕ್ಕೆ ಬಂದದ್ದು ರಕ್ತ ಪರೀಕ್ಷೆಯ ಚೀಟಿ ಕೈಗೆ ಬಂದಾಗ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯಲ್ಲಿ 6.1 ಎಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ ಎಂದರ್ಥ, 6.5 ದಾಟಿದರೆ ಒಳಗೆ ಕಾಲಿಟ್ಟಂತೆ. ನಮ್ಮ ಅಮ್ಮಿಗೆ ಸಕ್ಕರೆ ಕಾಯಿಲೆ ಇತ್ತು. ಕೊನೆಯ ವರ್ಷಗಳಲ್ಲಿ ಅವರ ಕಾಲಿನ ಗಾಯವನ್ನು ತೊಳೆಯುತ್ತಿದ್ದವಳು ನಾನೇ. ಹಾಗಾಗಿ ಆ 6.1 ಎಂಬ ಅಂಕಿಯನ್ನು ಬರೀ ಅಂಕಿಯಾಗಿ ಓದಲು ನನಗೆ ಆಗಲಿಲ್ಲ.

ಇದು ನನ್ನೊಬ್ಬಳ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 30 ಮಂದಿ, ಪುರುಷರಲ್ಲಿ ಸುಮಾರು 31 ಮಂದಿ ಅತಿತೂಕದವರು. ಅದಕ್ಕೂ ಹಿಂದಿನ, 2015-16ರ ಸಮೀಕ್ಷೆಯಲ್ಲಿ ಇದು 23 ಮತ್ತು 22ರ ಆಸುಪಾಸಿನಲ್ಲಿತ್ತು. ದಪ್ಪಗಾಗುವುದು ಹೆಂಗಸರ ಸಮಸ್ಯೆ ಎಂದು ನಗುವ ಗಂಡಸರು ಈ ಅಂಕಿಗಳನ್ನು ಇನ್ನೊಮ್ಮೆ ಓದಲಿ.

ತೂಕ ಹೆಚ್ಚಾಗಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಸುಲಭ ಲೆಕ್ಕವಿದೆ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಬೇಕು. 1.55 ಮೀಟರ್ ಎತ್ತರದ ಹೆಂಗಸು 70 ಕಿಲೋ ಇದ್ದರೆ ಉತ್ತರ 29. ಭಾರತೀಯರಿಗೆ 23 ದಾಟಿದರೆ ಅತಿತೂಕ, 25 ದಾಟಿದರೆ ಬೊಜ್ಜು ಎಂದು ನಮ್ಮ ದೇಶದ ವೈದ್ಯರು ಗೆರೆ ಹಾಕಿದ್ದಾರೆ. ಪಾಶ್ಚಾತ್ಯರ ಗೆರೆಗಿಂತ ಇದು ಕೆಳಗಿದೆ, ಏಕೆಂದರೆ ನಮ್ಮ ಬೊಜ್ಜು ಹೆಚ್ಚಾಗಿ ಹೊಟ್ಟೆಯ ಸುತ್ತ ಸೇರುತ್ತದೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿದ್ದರೂ ಸಕ್ಕರೆ, ಬಿಪಿ ಬರುತ್ತವೆ. ತಕ್ಕಡಿ ಇಲ್ಲದಿದ್ದರೆ ದರ್ಜಿಯ ಟೇಪು ಸಾಕು. ಸೊಂಟದ ಸುತ್ತಳತೆ ಹೆಂಗಸರಲ್ಲಿ 80 ಸೆಂಟಿಮೀಟರ್, ಗಂಡಸರಲ್ಲಿ 90 ಸೆಂಟಿಮೀಟರ್ ದಾಟಬಾರದು.

ಇಲ್ಲಿ ಒಂದು ಸಮಾಧಾನದ ಮಾತೂ ಇದೆ. 70 ಕಿಲೋ ಇರುವ ಆ ಹೆಂಗಸು 55ಕ್ಕೆ ಇಳಿದರೆ ಮಾತ್ರ ಪ್ರಯೋಜನ ಎಂದೇನಿಲ್ಲ. ನಾಲ್ಕೈದು ಕಿಲೋ ಇಳಿದರೂ ಸಕ್ಕರೆ, ಬಿಪಿ, ಮೊಣಕಾಲು ನೋವಿನಲ್ಲಿ ವ್ಯತ್ಯಾಸ ಕಾಣುತ್ತದೆ. ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಸಕ್ಕರೆಯ ಹೊಸ್ತಿಲಲ್ಲಿದ್ದವರಿಗೆ ಅಲ್ಲಿ ಕೊಟ್ಟ ಗುರಿ ಎರಡೇ: ತೂಕದಲ್ಲಿ ನೂರಕ್ಕೆ 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ. ಅಷ್ಟರಿಂದಲೇ ಕಾಯಿಲೆಗೆ ಬೀಳುವವರ ಪ್ರಮಾಣ ನೂರಕ್ಕೆ 58ರಷ್ಟು ತಗ್ಗಿತು.

ನಾನು ಶುರು ಮಾಡಿದ್ದು ತಪ್ಪು ದಾರಿಯಲ್ಲಿ. ಅನ್ನ, ರೊಟ್ಟಿ, ಎಲ್ಲವನ್ನೂ ಒಂದೇ ದಿನ ಬಿಟ್ಟೆ. ಮೊದಲ ವಾರ ಎರಡು ಕಿಲೋ ಇಳಿಯಿತು, ಖುಷಿಯೂ ಆಯಿತು. ಅದರಲ್ಲಿ ಹೆಚ್ಚಿನದು ನೀರು ಎಂದು ಆಗ ಗೊತ್ತಿರಲಿಲ್ಲ. ಹನ್ನೊಂದನೇ ದಿನ ನಾದಿನಿಯ ಮನೆಯ ಅಖೀಖಾಕ್ಕೆ ಹೋದೆ. ಅಲ್ಲಿ ಹನ್ನೊಂದು ದಿನದ ಊಟವನ್ನು ಒಟ್ಟಿಗೆ ಮಾಡಿ ಬಂದೆ. ಆಮೇಲೆ ಯಾರೋ ಹೇಳಿದರೆಂದು ಸಣ್ಣಗಾಗುವ ಪುಡಿಯೊಂದನ್ನು ತರಿಸಿಕೊಂಡೆ. ಡಬ್ಬಿಯ ಮೇಲೆ ಒಳಗೇನಿದೆ ಎಂದು ಬರೆದಿರಲಿಲ್ಲ, ಎದೆ ಡವಡವ ಎನ್ನಲು ಶುರುವಾದ ಮೇಲೆ ಬಿಸಾಡಿದೆ. ಇಂಥ ಪುಡಿಗಳ ಜಾಹೀರಾತು ನಮ್ಮ ಮೊಬೈಲ್‌ಗಳಲ್ಲಿ ಸುತ್ತುತ್ತಲೇ ಇರುತ್ತವೆ. ದಯವಿಟ್ಟು ಅವನ್ನು ಮುಂದಕ್ಕೆ ಕಳಿಸಬೇಡಿ.

ದೇಹ ಒಂದು ಸರಳ ಲೆಕ್ಕ ಇಟ್ಟುಕೊಂಡಿರುತ್ತದೆ: ಒಳಗೆ ಹೋದದ್ದು, ಖರ್ಚಾದದ್ದು. ಆದರೆ ಆ ಲೆಕ್ಕದಲ್ಲಿ ನಾವು ಅನ್ನವನ್ನು ಮಾತ್ರ ಬೈಯುತ್ತೇವೆ, ಎಣ್ಣೆಯನ್ನು ಮರೆಯುತ್ತೇವೆ. ಐದು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ತರುತ್ತೀರಿ ಎಂದುಕೊಳ್ಳಿ. ತಲೆಗೆ ಒಂದು ಲೀಟರ್. ಒಂದು ಲೀಟರ್ ಎಣ್ಣೆಯಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಕ್ಯಾಲೊರಿ ಇದೆ. ಅಂದರೆ ದಿನಕ್ಕೆ ಒಬ್ಬೊಬ್ಬರಿಗೆ ಸುಮಾರು 270 ಕ್ಯಾಲೊರಿ ಎಣ್ಣೆಯಿಂದಲೇ. ಐದರ ಬದಲು ಮೂರೂವರೆ ಲೀಟರ್‌ನಲ್ಲಿ ತಿಂಗಳು ಕಳೆದರೆ ಪ್ರತಿಯೊಬ್ಬರಿಗೂ ದಿನಕ್ಕೆ ಸುಮಾರು 80 ಕ್ಯಾಲೊರಿ ಉಳಿಯುತ್ತದೆ, ಹೆಚ್ಚುಕಡಿಮೆ ಒಂದು ಚಪಾತಿಯಷ್ಟು. ಯಾರೂ ಹಸಿದು ಕೂರಬೇಕಾಗಿಲ್ಲ. ಚಹಾದ್ದೂ ಹಾಗೆಯೇ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ 40 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ. ಜೊತೆಗೆ ಅದ್ದಿ ತಿನ್ನುವ ರಸ್ಕ್, ಬನ್, ಖಾರಾ ಬಿಸ್ಕತ್ತು ಬೇರೆ.

ರಾಗಿಯ ಬಗ್ಗೆ ಒಂದು ಮಾತು. ನಾವು ತುಮಕೂರಿನವರು, ಗುಬ್ಬಿ ಕುಣಿಗಲ್ ಕಡೆಯ ನೆಂಟರ ಮನೆಯಿಂದ ರಾಗಿ ಬರುತ್ತದೆ. ರಾಗಿ ತಿಂದರೆ ಸಣ್ಣಗಾಗುತ್ತಾರೆ ಎಂದು ದೊಡ್ಡದೊಂದು ಮುದ್ದೆಯನ್ನು ಮಟನ್ ಸಾರಿನಲ್ಲಿ ಮುಳುಗಿಸಿ ತಿನ್ನುವವರಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ ಸುಮಾರು 320 ಕ್ಯಾಲೊರಿ, 100 ಗ್ರಾಂ ಬಿಳಿ ಅಕ್ಕಿಗೆ ಸುಮಾರು 356. ದೊಡ್ಡ ಅಂತರವೇನಲ್ಲ. ಅಂತರ ಇರುವುದು ನಾರಿನಲ್ಲಿ: ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ನಾರು ಹೊಟ್ಟೆಯನ್ನು ಹೆಚ್ಚು ಹೊತ್ತು ತುಂಬಿದಂತೆ ಇಡುತ್ತದೆ. ಆದ್ದರಿಂದ ಮುದ್ದೆ ಒಳ್ಳೆಯದೇ, ಆದರೆ ಚಿಕ್ಕ ಮುದ್ದೆ, ಜೊತೆಗೆ ಸೊಪ್ಪು, ಹುರುಳಿಕಾಳು ಅಥವಾ ಕೊಬ್ಬು ತೆಗೆದ ಮಾಂಸ. ತಟ್ಟೆಯ ಅರ್ಧ ಭಾಗ ತರಕಾರಿಯಾಗಿರಲಿ. ನಮ್ಮ ಮನೆಗಳಲ್ಲಿ ತರಕಾರಿ ಎಂದರೆ ಬಿರಿಯಾನಿ ಪಕ್ಕದ ಈರುಳ್ಳಿ ಪಚಡಿ ಎನ್ನುವಂತಾಗಿದೆ. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಕಷ್ಟವಾದದ್ದು ಇದನ್ನು ಬದಲಿಸುವುದೇ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಆಗುವುದಿಲ್ಲ? ಒಬ್ಬರೇ ಮಾಡುವುದರಿಂದ. ಅಡುಗೆ ಒಬ್ಬರಿಗಾಗಿ ಆಗುವುದಿಲ್ಲ, ದಾವತ್ ಒಬ್ಬರಿಗಾಗಿ ನಿಲ್ಲುವುದಿಲ್ಲ. ಇನ್ನೊಂದು ಕಾರಣ ನಾಚಿಕೆ. ನ್ಯೂಯಾರ್ಕಿನಲ್ಲಿ ಜೀನ್ ನಿಡೆಚ್ ಎಂಬ ಗೃಹಿಣಿಯಿದ್ದರು. ತೂಕ ಇಳಿಸಲು ಅಲ್ಲಿನ ಆರೋಗ್ಯ ಇಲಾಖೆಯ ಕ್ಲಿನಿಕ್‌ಗೆ ಹೋಗುತ್ತಿದ್ದರು, ಹೇಳಿದಂತೆ ಮಾಡುತ್ತಲೂ ಇದ್ದರು. ಆದರೆ ಗುಟ್ಟಾಗಿ ಬಿಸ್ಕತ್ತು ತಿನ್ನುವ ಚಟವನ್ನು ಅಲ್ಲಿ ಹೇಳಿಕೊಳ್ಳಲು ನಾಚಿಕೆ. 1961ರಲ್ಲಿ ಅವರು ತನ್ನಂತೆಯೇ ದಪ್ಪಗಿದ್ದ ಆರು ಗೆಳತಿಯರನ್ನು ಮನೆಗೆ ಕರೆದು ಆ ಗುಟ್ಟನ್ನು ಒಪ್ಪಿಕೊಂಡರು. ಕೇಳಿದವರು ನಗಲಿಲ್ಲ, ತಮ್ಮ ತಮ್ಮ ಗುಟ್ಟುಗಳನ್ನು ಹೇಳಿದರು. ವಾರ ವಾರ ಸೇರತೊಡಗಿದರು. ಮುಂದೆ 1963ರಲ್ಲಿ ಅದು ವೇಟ್ ವಾಚರ್ಸ್ ಎಂಬ ದೊಡ್ಡ ಕಂಪನಿಯಾಯಿತು. ಕಂಪನಿಯ ಕಥೆ ನಮಗೆ ಬೇಡ. ಆ ಮೊದಲ ಕೋಣೆ ಸಾಕು.

ನಮಗೆ ಹತ್ತಿರದ ಉದಾಹರಣೆಯೂ ಇದೆ. ಕೇರಳದ ತಿರುವನಂತಪುರ ಜಿಲ್ಲೆಯ ನೆಯ್ಯಾಟ್ಟಿನ್‌ಕರ ತಾಲೂಕಿನಲ್ಲಿ 60 ಮತಗಟ್ಟೆ ಪ್ರದೇಶಗಳಿಂದ, ಸಕ್ಕರೆ ಬರುವ ಸಾಧ್ಯತೆ ಹೆಚ್ಚಿದ್ದ 1,007 ಮಂದಿಯನ್ನು ಆರಿಸಿ ಒಂದು ಪ್ರಯೋಗ ನಡೆಸಿದರು. ಅರ್ಧದಷ್ಟು ಪ್ರದೇಶಗಳಲ್ಲಿ ನೆರೆಹೊರೆಯವರ ಗುಂಪುಗಳಾದವು. ಗುಂಪು ನಡೆಸಿದವರು ವೈದ್ಯರಲ್ಲ, ತರಬೇತಿ ಪಡೆದ ಅಕ್ಕಪಕ್ಕದವರೇ. ಒಟ್ಟಿಗೆ ನಡೆದರು, ಕೈತೋಟ ಮಾಡಿದರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡು ವರ್ಷದಲ್ಲಿ ಸಕ್ಕರೆ ಕಾಯಿಲೆಗೆ ಬಿದ್ದವರು ಗುಂಪುಗಳಲ್ಲಿ ನೂರಕ್ಕೆ 14.9, ಗುಂಪಿಲ್ಲದ ಕಡೆ 17.1. ಈ ಅಂತರ ಖಚಿತವಾಗಿ ಗುಂಪಿನಿಂದಲೇ ಬಂತು ಎನ್ನುವಷ್ಟು ದೊಡ್ಡದಲ್ಲ ಎಂದು ಸಂಶೋಧಕರೇ ಪ್ರಾಮಾಣಿಕವಾಗಿ ಹೇಳಿದ್ದಾರೆ. ಆದರೆ ಹಣ್ಣು ತರಕಾರಿ ತಿನ್ನುವುದು ಹೆಚ್ಚಿತು, ಕಾಯಿಲೆಯ ಅಪಾಯದ ಅಂಕ ಇಳಿಯಿತು. ಗುಂಪು ಪವಾಡ ಮಾಡುವುದಿಲ್ಲ. ದಾರಿ ಬಿಡದಂತೆ ಹಿಡಿದಿಡುತ್ತದೆ, ಅಷ್ಟೆ.

ಸದಾಶಿವನಗರದ ನಮ್ಮ ಬೀದಿಯಲ್ಲಿ ನಾವು ನಾಲ್ವರು ಸೇರಿದೆವು. ಹಿರಿಯರಾದ ಒಬ್ಬ ಆಪಾ, ಇಬ್ಬರು ಸೊಸೆಯಂದಿರು, ನಾನು. ನಾಲ್ಕರಿಂದ ಆರು ಜನ ಸರಿಯಾದ ಸಂಖ್ಯೆ ಎಂದು ನನ್ನ ಅನುಭವ. ಹತ್ತು ಜನರಾದರೆ ಅದು ಹರಟೆಯಾಗುತ್ತದೆ, ಹರಟೆ ಬಂದಲ್ಲಿ ಚಹಾ, ಚಹಾ ಬಂದಲ್ಲಿ ಸಮೋಸ. ಮೊದಲ ದಿನವೇ ಆಪಾ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದರು: ಒಬ್ಬರ ತೂಕ ಇನ್ನೊಬ್ಬರ ಬಳಿ ಇರುವ ಅಮಾನತ್. ಗಂಡನ ಬಳಿಯೂ ಹೇಳುವಂತಿಲ್ಲ. ನಮ್ಮಲ್ಲಿ "ಮೋಟಿ" ಎಂದು ಕರೆಯುವುದು ಪ್ರೀತಿಯ ಮಾತೆಂದು ಎಷ್ಟೋ ಮನೆಗಳಲ್ಲಿ ಅಂದುಕೊಂಡಿದ್ದಾರೆ. ಇನ್ನೊಬ್ಬರನ್ನು ಗೇಲಿ ಮಾಡುವುದನ್ನು, ಅಡ್ಡಹೆಸರಿನಿಂದ ಕರೆಯುವುದನ್ನು ಸೂರಃ ಹುಜುರಾತ್ ತಡೆದಿದೆ ಎಂದು ಖುತ್ಬಾಗಳಲ್ಲಿ ಕೇಳುತ್ತೇವೆ, ಆದರೆ ಮನೆಯ ಹೆಣ್ಣುಮಗಳ ದೇಹದ ವಿಷಯದಲ್ಲಿ ಮರೆತುಬಿಡುತ್ತೇವೆ. ಗೇಲಿಗೆ ಒಳಗಾದ ಹುಡುಗಿ ಸಣ್ಣಗಾಗುವುದಿಲ್ಲ, ಬಾಗಿಲು ಹಾಕಿಕೊಂಡು ತಿನ್ನುತ್ತಾಳೆ.

ವಾರಕ್ಕೊಮ್ಮೆ, ಶುಕ್ರವಾರ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ, ಒಂದೇ ತಕ್ಕಡಿಯಲ್ಲಿ ತೂಗುತ್ತೇವೆ. ದಿನಾ ತೂಗಿದರೆ ಉಪ್ಪು, ನೀರು, ತಿಂಗಳ ಮುಟ್ಟಿನಿಂದ ಮುಳ್ಳು ಹಿಂದೆ ಮುಂದೆ ಓಡಾಡುತ್ತದೆ, ಮನಸ್ಸು ಕೆಡುತ್ತದೆ. ಕಿಲೋ ಎಷ್ಟೆಂದು ಹೇಳಬೇಕಾಗಿಲ್ಲ. "ಇಳಿದಿದೆ", "ಏರಿದೆ", "ಅಲ್ಲೇ ಇದೆ" ಎಂದರೆ ಸಾಕು. ವಾರಕ್ಕೆ ಅರ್ಧ ಕಿಲೋ ಇಳಿದರೆ ಅದು ಒಳ್ಳೆಯ ವೇಗ. ಒಬ್ಬರ ಮನೆಗೆ ಇನ್ನೊಬ್ಬರು ಹೋದಾಗ ಕರಿದದ್ದನ್ನು ಇಡುವುದಿಲ್ಲ, ಸಕ್ಕರೆಯನ್ನು ಬೇರೆ ಬಟ್ಟಲಲ್ಲಿ ಕೊಡುತ್ತೇವೆ. ಮದುವೆಗೆ ಜೊತೆಯಾಗಿ ಹೋದರೆ ಒಂದೇ ಸಾಲಿನಲ್ಲಿ ಕೂರುತ್ತೇವೆ, ಎರಡನೇ ಸಲ ಬಡಿಸಲು ಬಂದವರಿಗೆ ಪಕ್ಕದವಳೇ "ಅವರಿಗೆ ಸಾಕು" ಎನ್ನುತ್ತಾಳೆ. ನಾವೇ ಬೇಡ ಎಂದರೆ ಒತ್ತಾಯ ನಿಲ್ಲುವುದಿಲ್ಲ, ಇನ್ನೊಬ್ಬರು ಹೇಳಿದರೆ ನಿಲ್ಲುತ್ತದೆ. ಯಾಕೋ ಗೊತ್ತಿಲ್ಲ.

ನಡಿಗೆಗೆ ಗಂಡಸರು ಫಜ್ರ್ ನಮಾಜ್ ಮುಗಿಸಿ ಅಮಾನಿಕೆರೆಯ ಕಡೆ ಹೋಗುತ್ತಾರೆ. ಹೆಂಗಸರಿಗೆ ಒಂಟಿಯಾಗಿ ಅಷ್ಟು ಹೊತ್ತಿಗೆ ಹೊರಡುವುದು ಕಷ್ಟ, ಇಬ್ಬರಿದ್ದರೆ ಸುಲಭ. ಮಳೆಗಾಲದಲ್ಲಿ ಆಪಾ ಮನೆಯ ಮಹಡಿಯೇ ನಮ್ಮ ದಾರಿ. ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ.

ರಂಝಾನಿನಲ್ಲಿ ತಾನಾಗಿ ತೂಕ ಇಳಿಯುತ್ತದೆ ಎನ್ನುವ ನಂಬಿಕೆ ನನಗೂ ಇತ್ತು. ಇಫ್ತಾರಿಗೆ ಬಜ್ಜಿ, ಸಮೋಸ, ಶರಬತ್ತು, ರಾತ್ರಿ ಊಟ, ಸಹರಿಗೆ ಮತ್ತೆ ಪರೋಟ ಎಂದಾದರೆ ಹಗಲಿನ ಉಪವಾಸದ ಲೆಕ್ಕ ರಾತ್ರಿಯೇ ಸರಿಹೋಗುತ್ತದೆ. ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ರಂಝಾನಿಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಾಣಬೇಕು. ಇವರು ಬೇರೆ ದಿನಗಳಲ್ಲೂ ಕೇಳದೆ ಊಟ ಕಡಿಮೆ ಮಾಡಿದರೆ ಸಕ್ಕರೆ ಒಮ್ಮೆಲೇ ಕುಸಿದು ಬೀಳುವ ಅಪಾಯವಿದೆ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ತೂಕ ಇಳಿಸುವ ಯೋಚನೆಯನ್ನು ಸದ್ಯಕ್ಕೆ ಬಿಡಲಿ. ಕಡಿಮೆ ತಿಂದರೂ ತೂಕ ಏರುತ್ತಲೇ ಇದ್ದರೆ, ಮುಟ್ಟು ತಪ್ಪುತ್ತಿದ್ದರೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಸಕ್ಕರೆ ತಪಾಸಣೆ ಉಚಿತ. ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವತ್ತು, ಎಲ್ಲಿ ಎಂದು ಹೇಳುತ್ತಾರೆ.

ಒಂದು ವರ್ಷದಲ್ಲಿ ನನ್ನ ತೂಕ 78ರಿಂದ 71ಕ್ಕೆ ಬಂತು, ಎಚ್‌ಬಿಎ1ಸಿ 5.8ಕ್ಕೆ ಇಳಿಯಿತು. ಹೊಸ್ತಿಲನ್ನು ಇನ್ನೂ ಪೂರ್ತಿ ದಾಟಿ ಈಚೆ ಬಂದಿಲ್ಲ. ಆಮೇಲೆ ಮನೆಯಲ್ಲಿ ಒಂದರ ಹಿಂದೆ ಒಂದು ಮೂರು ಮದುವೆಗಳಾದವು, ವಲೀಮಾ, ನೆಂಟರು, ಉಳಿದ ಸಿಹಿ. ಎರಡು ಕಿಲೋ ಮರಳಿ ಬಂತು. ಆ ಶುಕ್ರವಾರ ತಕ್ಕಡಿ ಹತ್ತಲೇಬಾರದು ಎಂದುಕೊಂಡಿದ್ದೆ. ಹತ್ತಿದೆ, ಆಪಾಗೆ ಫೋನ್ ಮಾಡಿ "ಏರಿದೆ" ಎಂದೆ. ಎಷ್ಟು ಎಂದು ಅವರು ಕೇಳಲಿಲ್ಲ. "ನನ್ನದೂ ಏರಿದೆ ಬೇಟಾ, ನಾಳೆ ಫಜ್ರ್ ಆದ ಮೇಲೆ ಗೇಟಿನ ಹತ್ತಿರ ನಿಂತಿರುತ್ತೇನೆ, ಬಾ" ಎಂದರು.